ಒಂದು ಪೌಂಡು ಧಾನ್ಯದ ನ್ಯಾಯ

ಕನ್ನಡದಲ್ಲಿ ಎರಡು ಗಾದೆಗಳಿವೆ. ‘ಮನಸ್ಸಿನಂತೆ ಮಹಾದೇವ’ ಎಂಬುದು ಒಂದು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ಇನ್ನೊಂದು. ಊರು ಬಿಟ್ಟು ಎಷ್ಟು ದೂರ ಬಂದರೂ ಈ ಎರಡು ಮಾತುಗಳು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿವೆ. ಎರಡನ್ನೂ ನಿಜವೆಂದೇ ನಂಬಿದ್ದೇವೆ. ಆದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದರೆ ಅವುಗಳಲ್ಲಿ ಹೊಂದಾಣಿಕೆ ಇಲ್ಲದಿರುವುದು ಕಾಣುತ್ತದೆ. ಮೊದಲನೆಯದು ಮಾಡಿದವನ ಮನಸ್ಸನ್ನು ನೋಡಿ ಬೆಲೆ ಕಟ್ಟುತ್ತದೆ. ಎರಡನೆಯದಕ್ಕೆ ಮನಸ್ಸಿನ ಗೊಡವೆಯಿಲ್ಲ. ಮಾಡಿದ್ದೇನು, ಅದರಿಂದ ಆದದ್ದೇನು ಎಂಬುದಷ್ಟೇ ಅದರ ಲೆಕ್ಕ.

ಈ ಭಿನ್ನಮತ ನಮ್ಮ ಗಾದೆಗಳಿಗೆ ಸೀಮಿತವಾದುದಲ್ಲ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ, ಸತ್ಸಂಕಲ್ಪದ ಬೆಲೆ ಅದರ ಫಲವನ್ನು ಅವಲಂಬಿಸಿಲ್ಲವೆಂದು ವಾದಿಸಿದ. ಅವನ ಸಮಕಾಲೀನನಾದ ಇಂಗ್ಲೆಂಡಿನ ಬೆಂಥಾಮ್, ಕೃತ್ಯದಿಂದ ಜನರಿಗಾಗುವ ಸುಖದುಃಖಗಳೇ ಅದರ ಒಳಿತು ಕೆಡುಕುಗಳ ಅಳತೆ ಎಂದ. ಬೆಂಥಾಮನ ಮಾರ್ಗವನ್ನು ಮುಂದುವರಿಸಿದ ಜಾನ್ ಸ್ಟೂಅರ್ಟ್ ಮಿಲ್ 1823ರಿಂದ 1858ರವರೆಗೆ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ನೌಕರನಾಗಿದ್ದ. ಹೀಗಾಗಿ ಈ ಚರ್ಚೆ ನಮ್ಮ ದೇಶದ ಆಡಳಿತಕ್ಕೂ ತೀರ ದೂರದ್ದಾಗಿರಲಿಲ್ಲ.

ಬರಿಯ ತರ್ಕದಿಂದ ಈ ಪ್ರಶ್ನೆ ತೀರುವಂಥದಲ್ಲ. ಆದ್ದರಿಂದ ಇತಿಹಾಸದ ಒಂದು ಪ್ರಕರಣವನ್ನು ಎದುರಿಗಿಟ್ಟುಕೊಂಡು ಯೋಚಿಸುವುದು ಲೇಸು. 1866ರಿಂದ 1878ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಮೂರು ಬರಗಳು ಸರಕಾರವನ್ನು ಪರೀಕ್ಷೆಗೆ ಒಡ್ಡಿದವು. ಆಳುತ್ತಿದ್ದುದು ಒಂದೇ ಸರಕಾರ. ಕೆಲವೆಡೆ ಅದೇ ಅಧಿಕಾರಿಗಳು. ಜನ ಸಾಯಲಿ ಎಂದು ಅವರಲ್ಲಿ ಯಾರೂ ಬಯಸಿದವರಲ್ಲ. ಆದರೂ ಮೂರರ ಫಲ ಬೇರೆ ಬೇರೆಯಾಯಿತು. ಮೂರನೆಯ ಬರ ನಮ್ಮ ಕನ್ನಡ ನಾಡನ್ನೇ ಬರಿದು ಮಾಡಿದ ಧಾತು-ಈಶ್ವರ ಸಂವತ್ಸರಗಳ ಬರ.

ಒರಿಸ್ಸಾದ ಪಾಠ

1865ರಲ್ಲಿ ಒರಿಸ್ಸಾದಲ್ಲಿ, ಎಂದರೆ ಇಂದಿನ ಒಡಿಶಾದಲ್ಲಿ, ಮಳೆ ಕೈಕೊಟ್ಟಿತು. ಅಂದು ಆ ಪ್ರದೇಶ ಬಂಗಾಲ ಸರಕಾರದ ಆಡಳಿತಕ್ಕೆ ಸೇರಿತ್ತು. ಕಟಕದ ಕಮಿಷನರನಾಗಿದ್ದ ರೇವನ್‌ಷಾ, ಅಕ್ಕಿ ತರಿಸಲು ಅನುಮತಿ ಬೇಡಿದಾಗ ಕಲಕತ್ತೆಯ ರೆವೆನ್ಯೂ ಬೋರ್ಡು ಒಪ್ಪಲಿಲ್ಲ. ಬೆಲೆ ಏರಿದರೆ ವ್ಯಾಪಾರಿಗಳೇ ಧಾನ್ಯ ತರುತ್ತಾರೆ, ಸರಕಾರ ನಡುವೆ ಕೈಹಾಕಿದರೆ ವ್ಯಾಪಾರ ಕೆಡುತ್ತದೆ ಎಂಬುದು ಅದರ ನಂಬಿಕೆ. ಬಂಗಾಲದ ಲೆಫ್ಟಿನೆಂಟ್ ಗವರ್ನರ್ ಸರ್ ಸೆಸಿಲ್ ಬೀಡನ್ 1866ರ ಫೆಬ್ರವರಿಯಲ್ಲಿ ತಾನೇ ಒರಿಸ್ಸಾಕ್ಕೆ ಹೋಗಿ ನೋಡಿಬಂದ. ಅವನಿಗೂ ಅಪಾಯದ ಆಳ ತಿಳಿಯಲಿಲ್ಲ. ಕೊನೆಗೆ ಅಕ್ಕಿ ತರಿಸುವ ನಿರ್ಧಾರವಾಗುವಷ್ಟರಲ್ಲಿ ಮಳೆಗಾಲ ಬಂದು, ಕಡಲ ತೀರದಲ್ಲಿ ಹಡಗು ನಿಲ್ಲಿಸುವುದೇ ದುಸ್ತರವಾಯಿತು. ಒಳನಾಡಿಗೆ ಒಳ್ಳೆಯ ರಸ್ತೆಗಳೂ ಇರಲಿಲ್ಲ. ಒರಿಸ್ಸಾದ ಮೂರರಲ್ಲೊಂದು ಪಾಲು ಜನ, ಸುಮಾರು 10 ಲಕ್ಷ, ಆ ಬರದಲ್ಲಿ ಅಳಿದರೆಂದು ಅಂದಾಜು.

ಸರ್ ಜಾರ್ಜ್ ಕ್ಯಾಂಬೆಲ್ಲನ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. ಬೀಡನ್ ಕ್ರೂರಿಯೆಂದು ಯಾರೂ ಹೇಳಲಿಲ್ಲ. ಅವನ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಆದರೆ ಬರದ ಸೂಚನೆಗಳನ್ನು ಸಕಾಲದಲ್ಲಿ ಗುರುತಿಸಲಿಲ್ಲವೆಂಬ ಆಪಾದನೆಯಿಂದ ಅವನಿಗೆ ಬಿಡುಗಡೆ ಸಿಗಲಿಲ್ಲ. ಆ ವರ್ಷ ಲಂಡನ್ನಿನಲ್ಲಿ ಭಾರತದ ಕಾರ್ಯದರ್ಶಿಯಾಗಿದ್ದ, ಮುಂದೆ ಲಾರ್ಡ್ ಸಾಲ್ಸ್‌ಬರಿ ಎಂದು ಹೆಸರಾದ ಮುತ್ಸದ್ದಿ ಕೂಡ ಆರಂಭದ ವಾರಗಳಲ್ಲಿ ಸುಮ್ಮನಿದ್ದುದಕ್ಕಾಗಿ ಬಹುಕಾಲ ಪಶ್ಚಾತ್ತಾಪಪಟ್ಟ.

ಬಿಹಾರದಲ್ಲಿ ಉಳಿದ ಜೀವಗಳು

ಏಳು ವರ್ಷಗಳ ನಂತರ, 1873ರಲ್ಲಿ, ಬಿಹಾರದಲ್ಲಿ ಮಳೆ ತಪ್ಪಿತು. ಒರಿಸ್ಸಾದ ನೆನಪು ಇನ್ನೂ ಹಸಿಯಾಗಿತ್ತು. ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್ ಈ ಬಾರಿ ಕಾಯಲಿಲ್ಲ. ತನ್ನ ಹಣಕಾಸಿನ ಸದಸ್ಯನಾಗಿದ್ದ ಸರ್ ರಿಚರ್ಡ್ ಟೆಂಪಲ್‌ನನ್ನು ಪರಿಹಾರ ಕಾರ್ಯಕ್ಕೆ ಕಳುಹಿಸಿದ. ಟೆಂಪಲ್ 1874ರ ಏಪ್ರಿಲಿನಲ್ಲಿ ಬಂಗಾಲದ ಲೆಫ್ಟಿನೆಂಟ್ ಗವರ್ನರೂ ಆದ. ಬರ್ಮಾದಿಂದ ಸುಮಾರು 4.5 ಲಕ್ಷ ಟನ್ ಅಕ್ಕಿ ಬಂತು. ಕೈಲಾದವರಿಗೆ ಕಾಮಗಾರಿ, ಕೈಲಾಗದವರಿಗೆ ಊರಲ್ಲೇ ಧರ್ಮಾರ್ಥ ಅನ್ನ. ಕೆಲಸದ ಪರೀಕ್ಷೆ, ಅರ್ಹತೆಯ ಪರೀಕ್ಷೆ ಎಂದು ಜನರನ್ನು ಹೆಚ್ಚು ಗೋಳಾಡಿಸಲಿಲ್ಲ. ಫಲವಾಗಿ ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಬ್ರಿಟಿಷರ ಕಾಲದ ಭಾರತದಲ್ಲಿ ಇಷ್ಟು ಚೆನ್ನಾಗಿ ನಡೆದ ಬರಪರಿಹಾರ ಇನ್ನೊಂದಿಲ್ಲ.

ಇದಕ್ಕಾಗಿ ಟೆಂಪಲ್‌ಗೆ ದೊರೆತ ಬಹುಮಾನವೇನು? ಖರ್ಚು 60 ಲಕ್ಷ ಪೌಂಡುಗಳನ್ನು ಮೀರಿತ್ತು. ತರಿಸಿದ ಅಕ್ಕಿಯಲ್ಲಿ ಸುಮಾರು 1 ಲಕ್ಷ ಟನ್ ಹಾಗೆಯೇ ಉಳಿಯಿತು. ದುಂದುವೆಚ್ಚ ಮಾಡಿದನೆಂದು ಲಂಡನ್ನಿನಲ್ಲೂ ಕಲಕತ್ತೆಯಲ್ಲೂ ಟೀಕೆ ಹೊರಟಿತು. ಜನರೇ ಸಾಯಲಿಲ್ಲ, ಹಾಗಾದರೆ ಅದು ಅಷ್ಟು ದೊಡ್ಡ ಬರವಾಗಿತ್ತೇ ಎಂಬ ಪ್ರಶ್ನೆಯೂ ಎದ್ದಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಫಲವನ್ನು ನೋಡಿ ತೀರ್ಪು ಕೊಡಬೇಕೆನ್ನುವವರು ಫಲವೆಂಬುದು ಎಲ್ಲರ ಕಣ್ಣಿಗೂ ಒಂದೇ ರೀತಿ ಕಾಣುತ್ತದೆಂದು ಭಾವಿಸುತ್ತಾರೆ. ಖರ್ಚಾದ ಹಣ ಖಾತೆ ಪುಸ್ತಕದಲ್ಲಿ ಕಾಣುತ್ತದೆ. ಉಳಿದ ಅಕ್ಕಿ ಗೋದಾಮಿನಲ್ಲಿ ಕಾಣುತ್ತದೆ. ಆದರೆ ಬಾರದೆ ಹೋದ ಸಾವು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಬದುಕಿ ಉಳಿದವನು ತಾನು ಸಾಯಬೇಕಾಗಿತ್ತೆಂದು ಅರ್ಜಿ ಬರೆದುಕೊಂಡು ಬರುವುದಿಲ್ಲ. ಟೆಂಪಲ್‌ನ ಟೀಕಾಕಾರರೂ ಫಲವನ್ನೇ ನೋಡಿದರು. ಆದರೆ ಅರ್ಧ ಫಲವನ್ನು ನೋಡಿದರು.

ಧಾತು-ಈಶ್ವರ ಬರ

1876ರಲ್ಲಿ ದಕ್ಷಿಣದಲ್ಲಿ ಮುಂಗಾರೂ ಸೋತಿತು, ಹಿಂಗಾರೂ ಸೋತಿತು. ಅಂದಿನ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿ, ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿ, ರಾಯಚೂರು ಗುಲಬರ್ಗಾ ಸೀಮೆ ನಿಜಾಮನ ರಾಜ್ಯದಲ್ಲಿ; ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರರು ನೇರವಾಗಿ ಆಳುತ್ತಿದ್ದರು. ಗಡಿಗಳು ಎಷ್ಟೇ ಇದ್ದರೂ ಬರ ಎಲ್ಲವನ್ನೂ ದಾಟಿತು. ರಾಗಿ, ಜೋಳದ ಬೆಲೆ ಬಡವರ ಕೈಗೆ ಎಟುಕದಂತಾಯಿತು. ದನಕರುಗಳು ಮೊದಲು ಸತ್ತವು. ಜನ ಊರು ಬಿಟ್ಟು ಗುಳೆ ಹೊರಟರು.

ಮದರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ತಾನಾಗಿಯೇ ಒಂದು ವ್ಯಾಪಾರಿ ಸಂಸ್ಥೆಯ ಮೂಲಕ ಸುಮಾರು 30,000 ಟನ್ ಧಾನ್ಯ ಕೊಳ್ಳಲು ಏರ್ಪಾಡು ಮಾಡಿದ. ವೈಸರಾಯ್ ಲಾರ್ಡ್ ಲಿಟ್ಟನ್‌ನ ಸರಕಾರ ಇದನ್ನು ಮೆಚ್ಚಲಿಲ್ಲ. ಸರಕಾರವೇ ಪೇಟೆಗಿಳಿದರೆ ಖಾಸಗಿ ವ್ಯಾಪಾರಿಗಳು ಹೆದರಿ ಹಿಂದೆ ಸರಿಯುತ್ತಾರೆಂದು ಅದು ಆಕ್ಷೇಪಿಸಿತು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು, ಬರದ ಖರ್ಚನ್ನು ಹತೋಟಿಗೆ ತರಲು ದಕ್ಷಿಣಕ್ಕೆ ಒಬ್ಬ ಪ್ರತಿನಿಧಿಯನ್ನು ಕಳುಹಿಸಲಾಯಿತು. ಆತ ಬೇರೆ ಯಾರೂ ಅಲ್ಲ, ಬಿಹಾರದ ಜನರನ್ನು ಉಳಿಸಿದ ಅದೇ ಸರ್ ರಿಚರ್ಡ್ ಟೆಂಪಲ್.

ಆದರೆ ಈ ಸಲ ಬಂದ ಟೆಂಪಲ್‌ನ ರೀತಿಯೇ ಬೇರೆಯಾಗಿತ್ತು. ಪರಿಹಾರದ ಪಟ್ಟಿಗಳನ್ನು ಬಿಗಿಗೊಳಿಸಿದ. ಚಿಕ್ಕಪುಟ್ಟ ಕಾಮಗಾರಿಗಳಿಂದ ಜನರನ್ನು ತೆಗೆದು ದೂರದ ದೊಡ್ಡ ಕಾಮಗಾರಿಗಳಿಗೆ ಹೋಗುವಂತೆ ಮಾಡಿದ. ಎಲ್ಲಕ್ಕಿಂತ ಮುಖ್ಯವಾಗಿ ಕೂಲಿಯನ್ನು ಇಳಿಸಿದ. ಅದುವರೆಗೆ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡು ಧಾನ್ಯ ಸಿಗುವಂತೆ ಕೂಲಿಯ ಲೆಕ್ಕವಿತ್ತು. ಟೆಂಪಲ್ ಅದನ್ನು ಒಂದು ಪೌಂಡಿಗೆ, ಎಂದರೆ ನಮ್ಮ ಇಂದಿನ ಲೆಕ್ಕದಲ್ಲಿ ಸುಮಾರು 450 ಗ್ರಾಮಿಗೆ ಇಳಿಸಿ, ಮೇಲೆ ಉಪ್ಪು ಮೆಣಸಿನಕಾಯಿಗೆಂದು ಸ್ವಲ್ಪ ಕಾಸು ಸೇರಿಸಿದ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಇಷ್ಟನ್ನು ತಿಂದು ಇಡೀ ದಿನ ಬಿಸಿಲಲ್ಲಿ ಮಣ್ಣು ಅಗೆಯಬೇಕು, ಕಲ್ಲು ಒಡೆಯಬೇಕು. ಚರಿತ್ರೆಯಲ್ಲಿ ಇದಕ್ಕೆ ‘ಟೆಂಪಲ್ ಕೂಲಿ’ ಎಂದೇ ಹೆಸರು ಉಳಿದಿದೆ.

ಟೆಂಪಲ್‌ನ ಉದ್ದೇಶವೇನಿತ್ತು? ಅವನಿಗೆ ಸಿಕ್ಕ ಆದೇಶದಲ್ಲಿ ಎರಡು ಮಾತುಗಳಿದ್ದವು: ಜೀವ ಉಳಿಸಬೇಕು, ಮಿತವ್ಯಯವನ್ನೂ ಪಾಲಿಸಬೇಕು. ಖಜಾನೆಯ ಸ್ಥಿತಿ ಚೆನ್ನಾಗಿರಲಿಲ್ಲವೆಂಬುದು ನಿಜ. ಬೆಳ್ಳಿಯ ಬೆಲೆ ಕುಸಿದು ರೂಪಾಯಿ ಸೊರಗಿತ್ತು. ಇಂದು ಹಣ ಮುಗಿಸಿದರೆ ನಾಳೆಯ ಬರಕ್ಕೆ ಏನು ಉಳಿಯುತ್ತದೆ ಎಂಬ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಬಿಹಾರದಲ್ಲಿ ಹೆಗಲೇರಿದ ದುಂದುವೆಚ್ಚದ ಅಪವಾದವೂ ಅವನ ಹಿಂದೆಯೇ ಬಂದಿತ್ತು. ಜೀವ ಉಳಿಸುವ ಇಚ್ಛೆ, ಹಣ ಉಳಿಸುವ ಇಚ್ಛೆ, ತನ್ನ ಹೆಸರು ಉಳಿಸಿಕೊಳ್ಳುವ ಇಚ್ಛೆ, ಈ ಮೂರರಲ್ಲಿ ಯಾವುದು ಎಷ್ಟು ಎಂದು ಅವನ ಎದೆಯೊಳಗೆ ಹೊಕ್ಕು ತೂಗಿದವರು ಯಾರು? ‘ಮನಸ್ಸಿನಂತೆ ಮಹಾದೇವ’ ಎನ್ನುವಾಗ ಬರುವ ತೊಡಕು ಇದೇ. ಮನಸ್ಸು ಒಂದೇ ಇರುವುದಿಲ್ಲ.

ಕಾರ್ನಿಷ್ ಎಂಬ ವೈದ್ಯ

ಮದರಾಸು ಪ್ರಾಂತ್ಯದ ಸ್ಯಾನಿಟರಿ ಕಮಿಷನರನಾಗಿದ್ದ ಡಾಕ್ಟರ್ ಕಾರ್ನಿಷ್ ಈ ಒಂದು ಪೌಂಡನ್ನು ಒಪ್ಪಲಿಲ್ಲ. ದುಡಿಯುವ ಮನುಷ್ಯನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ ಬೇಕು, ಜತೆಗೆ ಬೇಳೆ ತರಕಾರಿಯೂ ಬೇಕು, ಇಲ್ಲದಿದ್ದರೆ ದೇಹ ತನ್ನನ್ನು ತಾನೇ ತಿನ್ನುತ್ತ ಹೋಗುತ್ತದೆಂದು ಆತ ಎಚ್ಚರಿಸಿದ. ಟೆಂಪಲ್ ತನ್ನ ಕೂಲಿಯನ್ನು ಒಂದು ಪ್ರಯೋಗವೆಂದು ಸಮರ್ಥಿಸಿಕೊಂಡ. ಕಾಮಗಾರಿಯ ಕೂಲಿಗಳು ಮೈಕೈ ತುಂಬಿಕೊಂಡೇ ಇದ್ದಾರೆಂಬುದು ಅವನ ಕಣ್ಣಿನ ಸಾಕ್ಷಿ. ವೈದ್ಯನ ಕಣ್ಣಿಗೆ ಕಂಡದ್ದು ಬೇರೆ.

ಮುಂಬಯಿ ಪ್ರಾಂತ್ಯದಲ್ಲೂ ಇದೇ ಒಂದು ಪೌಂಡಿನ ಲೆಕ್ಕ ಜಾರಿಗೆ ಬಂದಾಗ ಸಾವಿರಾರು ಕೂಲಿಗಳು ಕಾಮಗಾರಿ ಬಿಟ್ಟು ನಡೆದರು. 1870ರಲ್ಲಿ ಹುಟ್ಟಿದ್ದ ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಮನವಿಗಳನ್ನು ಬರೆಯಿತು, ಹಳ್ಳಿಹಳ್ಳಿಯ ವರದಿ ತರಿಸಿ ಪ್ರಕಟಿಸಿತು. ಹಸಿದವರು ಸಿಗುತ್ತಿದ್ದ ತುತ್ತನ್ನೂ ಬಿಟ್ಟು ಎದ್ದು ಹೋಗುವುದೆಂದರೆ ಅದು ಸಾಮಾನ್ಯ ಮಾತಲ್ಲ. ಆಳುವವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

1877ರ ಮಾರ್ಚಿಯಲ್ಲಿ ಮದರಾಸು ಸರಕಾರ ಅರ್ಧದಾರಿಗೆ ಬಂದು, ಧಾನ್ಯವನ್ನು ಒಂದೂಕಾಲು ಪೌಂಡಿಗೆ ಏರಿಸಿ ಸ್ವಲ್ಪ ಬೇಳೆಯನ್ನೂ ಸೇರಿಸಿತು. ಆ ವೇಳೆಗೆ ಬಹಳ ಜೀವಗಳು ಹೋಗಿದ್ದವು. 1877ರ ಮುಂಗಾರೂ ತಡವಾಯಿತು. ಗಂಜಿ ಕೇಂದ್ರಗಳಲ್ಲಿ ಕಿಕ್ಕಿರಿದ ಜನರಲ್ಲಿ ಕಾಲರಾ, ಆಮಶಂಕೆ ಹಬ್ಬಿದವು. ಒಳ್ಳೆಯ ಮನಸ್ಸಿನಿಂದ ತೆರೆದ ಕೇಂದ್ರಗಳೂ ರೋಗದ ಬೀಡಾದವು. ಮಳೆ ಬಂದ ಮೇಲೆ ಚಳಿಜ್ವರ ಬಂದು ಸೊರಗಿದ ದೇಹಗಳನ್ನು ಹೊತ್ತೊಯ್ದಿತು. ಬರಗಾಲದಲ್ಲೇ ದೇಶದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ರಫ್ತಾಗುತ್ತಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಬ್ರಿಟಿಷ್ ಪ್ರದೇಶಗಳಲ್ಲೇ ಈ ಬರಕ್ಕೆ ಬಲಿಯಾದವರು ಸುಮಾರು 55 ಲಕ್ಷವೆಂಬುದು ಪ್ರಚಲಿತ ಅಂದಾಜು. ಮೈಸೂರಿನ ಲೆಕ್ಕ ಜನಗಣತಿಯಲ್ಲೇ ಇದೆ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಇಷ್ಟೆಲ್ಲ ಸಾವುಗಳಿಗೂ ಟೆಂಪಲ್ ಕೂಲಿಯೇ ಕಾರಣವೆಂದರೆ ಅನ್ಯಾಯವಾದೀತು. ಕಾಮಗಾರಿಯನ್ನು ಮುಟ್ಟಲಾರದೆ ದಾರಿಯಲ್ಲಿ, ಊರಿನಲ್ಲಿ ಸತ್ತವರೇ ಬಹಳ. ಆದರೆ ಆ ಒಂದು ಪೌಂಡು ಇಡೀ ನೀತಿಯ ಗುರುತಾಗಿ ನಿಂತಿತು.

1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದಾಗ, ಬರದ ಬಾಬ್ತಿನ 80 ಲಕ್ಷ ರೂಪಾಯಿ ಸಾಲವೂ ಅದರ ಜತೆಗೆ ಬಂತು. ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಒಬ್ಬನ ಬಾಳಿಗೆ ಎಷ್ಟೇ ಒಪ್ಪಲಿ, ಆಳುವವರ ವಿಷಯದಲ್ಲಿ ಸೋಲುವುದು ಇಲ್ಲಿಯೇ. ಟೆಂಪಲ್ ಅದೇ 1877ರಲ್ಲಿ ಮುಂಬಯಿಯ ಗವರ್ನರನಾದ. 1880ರವರೆಗೆ ಆ ಹುದ್ದೆಯಲ್ಲಿದ್ದು, ಮುಂದೆ ಇಂಗ್ಲೆಂಡಿನ ಪಾರ್ಲಿಮೆಂಟನ್ನೂ ಸೇರಿದ.

ತೀರ್ಪು ಕೊಡುವುದು ಹೇಗೆ?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಉದ್ದೇಶವೊಂದನ್ನೇ ನೋಡಿದರೆ ಬೀಡನ್ ನಿರ್ದೋಷಿ, ಟೆಂಪಲ್ ಎರಡು ಬಾರಿಯೂ ನಿರ್ದೋಷಿ. 10 ಲಕ್ಷ ಜನರ ಸಾವಿನ ಎದುರಿಗೆ ನಿಂತು ಈ ಮಾತನ್ನು ಆಡುವುದು ಕಷ್ಟ. ಫಲವೊಂದನ್ನೇ ನೋಡಿದರೆ ಮಳೆಯ ತಪ್ಪೂ ರೋಗದ ತಪ್ಪೂ ಮನುಷ್ಯನ ತಲೆಗೆ ಬರುತ್ತವೆ; ಗಂಜಿ ಕೇಂದ್ರ ತೆರೆದವನೂ ಕಾಲರಾಕ್ಕೆ ಹೊಣೆಯಾಗುತ್ತಾನೆ. ಅದೂ ನ್ಯಾಯವಲ್ಲ.

ಗೀತೆಯ ನಿಷ್ಕಾಮ ಕರ್ಮವನ್ನು ಮುಂದಿಟ್ಟು, ಫಲದ ಚಿಂತೆ ನಮಗೇಕೆ ಎನ್ನುವವರುಂಟು. ಫಲಾಸಕ್ತಿಯನ್ನು ಬಿಡುವುದೆಂದರೆ ತನಗೆ ಬರುವ ಲಾಭ ಕೀರ್ತಿಗಳ ಆಸೆ ಬಿಡುವುದು. ತನ್ನ ಕೆಲಸದಿಂದ ಇತರರಿಗೆ ಏನಾಗುತ್ತದೆಂದು ನೋಡದೆ ಕಣ್ಣು ಮುಚ್ಚುವುದಲ್ಲ. ಟೆಂಪಲ್ ಬಿಡಬೇಕಾಗಿದ್ದುದು ಹೆಸರಿನ ಚಿಂತೆಯನ್ನು. ಹಿಡಿಯಬೇಕಾಗಿದ್ದುದು ಕೂಲಿಯವನ ಹೊಟ್ಟೆಯ ಚಿಂತೆಯನ್ನು.

ಕನ್ನಡ ನಾಡಿನಲ್ಲಿ ಶತಮಾನಗಳ ಕಾಲ ಬೇರೂರಿದ ಜೈನ ಧರ್ಮದ ವಿಚಾರ ಇಲ್ಲಿ ದಾರಿ ತೋರಿಸುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ‘ಪ್ರಮಾದ’ವನ್ನು ಮುಂದಿಡುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ. ಕೊಲ್ಲುವ ಇಚ್ಛೆ ಇತ್ತೇ ಎಂದಷ್ಟೇ ಕೇಳಿದರೆ ಸಾಲದು, ಪ್ರಾಣ ಹೋಯಿತೇ ಎಂದಷ್ಟೇ ಕೇಳಿದರೂ ಸಾಲದು. ಎಚ್ಚರದಿಂದ ನಡೆದನೇ ಎಂದು ಕೇಳಬೇಕು. ನೆಲ ನೋಡಿ ಹೆಜ್ಜೆಯಿಟ್ಟ ಮುನಿಯ ಕಾಲಡಿಗೆ ತಿಳಿಯದೆ ಹುಳುವೊಂದು ಸಿಕ್ಕರೆ ಅದು ಒಂದು ಮಾತು. ನೋಡದೆಯೇ ನಡೆದವನ ಕಾಲಡಿಗೆ ಏನೂ ಸಿಗದಿದ್ದರೂ ಅವನಿಗೆ ದೋಷ ತಪ್ಪಿದ್ದಲ್ಲ.

ಈ ಅಳತೆಯಿಂದ ನೋಡಿದರೆ ಮೂರು ಬರಗಳ ನೀತಿ ಸ್ಪಷ್ಟವಾಗುತ್ತದೆ. ಒರಿಸ್ಸಾದಲ್ಲಿ ಬೀಡನ್ ನೋಡಿದರೂ ಕಾಣಲಿಲ್ಲ. ಆತನ ನಂಬಿಕೆ ಅವನ ಕಣ್ಣಿಗೆ ಅಡ್ಡ ಬಂತು. ಬಿಹಾರದಲ್ಲಿ ಟೆಂಪಲ್ ಎಚ್ಚರವಾಗಿದ್ದ. ಉಳಿದ 1 ಲಕ್ಷ ಟನ್ ಅಕ್ಕಿ ಆ ಎಚ್ಚರದ ಬೆಲೆ, ಅದು ದೋಷವಲ್ಲ. ದಕ್ಷಿಣದಲ್ಲಿ ಅದೇ ಟೆಂಪಲ್‌ಗೆ ತಿಳಿಯದೆ ತಪ್ಪಾಯಿತೆಂದು ಹೇಳುವಂತಿಲ್ಲ. ಒರಿಸ್ಸಾದ ವರದಿ ಅವನ ಮುಂದಿತ್ತು. ಬಿಹಾರದ ಸ್ವಂತ ಅನುಭವವಿತ್ತು. ಕಾರ್ನಿಷ್‌ನ ಎಚ್ಚರಿಕೆ ಆಗಲೇ, ಬರಹದಲ್ಲೇ ಬಂದಿತ್ತು. ಕೂಲಿಗಳು ಕಾಮಗಾರಿ ಬಿಟ್ಟು ಹೋದದ್ದೂ ಬಹಿರಂಗವಾಗಿತ್ತು. ನೂರು ವರ್ಷಗಳ ಮೇಲೆ ಕುಳಿತು ನಾವು ಹೊಸದಾಗಿ ಕಂಡುಹಿಡಿದ ತಪ್ಪು ಇದಲ್ಲ. ಅಂದೇ ಅವನಿಗೆ ಹೇಳಲಾಗಿತ್ತು. ಒಳ್ಳೆಯ ಉದ್ದೇಶವೆಂಬುದು ಕೆಲಸದ ಆರಂಭದಲ್ಲಿ ಒಮ್ಮೆ ಇಟ್ಟುಕೊಂಡು ಮರೆಯುವ ವಸ್ತುವಲ್ಲ. ಫಲ ಕಣ್ಣೆದುರು ಬರತೊಡಗಿದಾಗ ಅದನ್ನು ನೋಡಿ ಕೈಯನ್ನು ತಿದ್ದಿಕೊಳ್ಳುವವನಿಗೆ ಮಾತ್ರ ಒಳ್ಳೆಯ ಉದ್ದೇಶವಿತ್ತೆಂದು ಹೇಳುವ ಅಧಿಕಾರವಿದೆ.

ಆ ಬರದ ಸಾವುಗಳು ಪೂರ್ಣ ವ್ಯರ್ಥವಾಗಲಿಲ್ಲವೆಂಬುದು ಒಂದು ಸಮಾಧಾನ. ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ 1878ರಲ್ಲಿ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಮೈಸೂರಿನಲ್ಲಿ ಕ್ಷಾಮ ಕಮಿಷನರನಾಗಿದ್ದ ಚಾರ್ಲ್ಸ್ ಎಲಿಯಟ್ ಅದರ ಕಾರ್ಯದರ್ಶಿ. 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಯಿತು. ಮಳೆ ಎಷ್ಟಾಯಿತು, ಧಾನ್ಯದ ಬೆಲೆ ಎಷ್ಟೇರಿತು, ಜನ ಗುಳೆ ಹೊರಟಿದ್ದಾರೆಯೇ ಎಂದು ಅಧಿಕಾರಿಗಳು ಸದಾ ಗಮನಿಸುತ್ತಿರಬೇಕೆಂಬುದು ಅದರ ತಿರುಳು. ಅಧಿಕಾರಿಯ ಒಳ್ಳೆಯ ಮನಸ್ಸನ್ನೇ ನಂಬಿ ಕೂಡದೆ, ಎಚ್ಚರವನ್ನೇ ಕಾನೂನಾಗಿ ಬರೆಯುವ ಪ್ರಯತ್ನವದು. ಆ ಸಂಹಿತೆಯೂ ಕಾಗದದ ಮೇಲಿದ್ದರೆ ಸಾಲದೆಂಬುದನ್ನು 1943ರ ಬಂಗಾಲ ತೋರಿಸಿತು. ಅಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದರೂ ಸರಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ.

ಮದರಾಸಿನಲ್ಲಿ ನೆಲಸಿದವರು ಅಡಯಾರಿಗೂ ಕೂವಂ ನದಿಗೂ ನಡುವಿನ ಬಕಿಂಗ್‌ಹ್ಯಾಮ್ ಕಾಲುವೆಯನ್ನು ನೋಡಿಯೇ ಇರುತ್ತಾರೆ. ಆ ಭಾಗವನ್ನು 1877-78ರಲ್ಲಿ ಅಗೆದವರು ಬರಪರಿಹಾರದ ಕೂಲಿಗಳು. ರಜೆಗೆ ಊರಿಗೆ ಹೋಗುವಾಗ ಬೆಂಗಳೂರಿನಿಂದ ಮೈಸೂರಿನ ರೈಲು ಹತ್ತುವವರೂ, 1882ರಲ್ಲಿ ಮೈಸೂರು ಮುಟ್ಟಿದ ಆ ದಾರಿಯ ಕೆಲಸ ಮೊದಲಾದುದು ಬರದ ಕಾಮಗಾರಿಯಾಗಿ ಎಂಬುದನ್ನು ನೆನೆಯಬಹುದು. ಮಕ್ಕಳು ಜತೆಯಲ್ಲಿದ್ದರೆ ಅವರಿಗೂ ಹೇಳಬಹುದು: ಇಲ್ಲಿ ಮಣ್ಣು ಹೊತ್ತವರಿಗೆ ದಿನಕ್ಕೆ ಎಷ್ಟು ಧಾನ್ಯ ಸಾಕು ಎಂಬುದರ ಮೇಲೆ ಒಂದು ಕಾಲದಲ್ಲಿ ದೊಡ್ಡ ವಾದ ನಡೆದಿತ್ತು, ವಾದ ಮುಗಿಯುವವರೆಗೆ ಹಸಿವು ಕಾಯಲಿಲ್ಲ.